ಶೋನ್‌ಬರ್ಗ್ ನುಡಿಸಿದರೆ ಮಗಳ ಶ್ರುತಿ ಕೆಡುತ್ತದೆಯೇ?

ಪ್ರಶ್ನೆ: ನನ್ನ ಮಗಳಿಗೆ ಹದಿನಾರು ವರ್ಷ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ವರ್ಣಗಳು ಮುಗಿದು ಈಗ ಕೃತಿಗಳ ಪಾಠ ನಡೆದಿದೆ. ಜೊತೆಗೆ ಪಿಯಾನೊ. ಬಾಕ್, ಮೊಜಾರ್ಟ್, ಶೋಪಾಂ ನುಡಿಸುವಾಗ ಮನೆಯವರೆಲ್ಲ ಕೂತು ಕೇಳುತ್ತಿದ್ದೆವು. ಕಳೆದ ತಿಂಗಳು ಅವಳ ಪಿಯಾನೊ ಟೀಚರ್ ಆರ್ನಾಲ್ಡ್ ಶೋನ್‌ಬರ್ಗ್ ಎನ್ನುವವರ ‘ಆರು ಪುಟ್ಟ ಪಿಯಾನೊ ತುಣುಕುಗಳು’ ಕೊಟ್ಟಿದ್ದಾರೆ. ನಮ್ಮತ್ತೆ “ಬೆಕ್ಕು ಪಿಯಾನೊ ಮೇಲೆ ಓಡಾಡಿದ ಹಾಗಿದೆ” ಅಂತಾರೆ. ನನಗೂ ಹಾಗೇ ಅನ್ನಿಸುತ್ತೆ. ಅಲ್ಲಿಲ್ಲಿ ಓದಿದರೆ, ಆತ ಹಳೆಯ ಸಂಗೀತವನ್ನೆಲ್ಲ ಧಿಕ್ಕರಿಸಿದವನು, ಲೆಕ್ಕ ಹಾಕಿ ಸ್ವರ ಜೋಡಿಸುತ್ತಿದ್ದವನು, ಜನ ಹೊಸ ಸಂಗೀತದಿಂದ ದೂರವಾಗಿದ್ದೇ ಅವನಿಂದ ಎಂದೆಲ್ಲ ಇದೆ. ಮಗಳೋ ಬಿಡದೆ ಅದನ್ನೇ ಹಿಡಿದು ಕೂತಿದ್ದಾಳೆ. ಇದರಿಂದ ಶ್ರುತಿಜ್ಞಾನ ಕೆಡುತ್ತದೆಯೇ? ಬೇರೆ ಏನಾದರೂ ಕೊಡಿ ಎಂದು ಟೀಚರ್‌ಗೆ ಹೇಳಲೇ? ಇದರಲ್ಲಿ ನಿಜಕ್ಕೂ ಸಂಗೀತ ಇದೆಯೇ?
— ಒಬ್ಬ ತಾಯಿ, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಮಗಳ ಕಿವಿಯ ಬಗ್ಗೆ, ಇನ್ನೊಂದು ಈ ಮನುಷ್ಯನ ಬಗ್ಗೆ ನಿಮಗಿರುವ ಗುಮಾನಿ. ಮೊದಲನೆಯದು ಬೇಗ ಮುಗಿಯುತ್ತದೆ.

ಶ್ರುತಿ ಕೆಡುವುದಿಲ್ಲ. ಕೆಡುವುದಾಗಿದ್ದರೆ ಮೊಜಾರ್ಟ್ ನುಡಿಸುವಾಗಲೇ ಕೆಡಬೇಕಿತ್ತು, ಏಕೆಂದರೆ ಯಾರ ಕೃತಿ ನುಡಿಸಿದರೂ ಪಿಯಾನೊದ ಶ್ರುತಿ ಅದೇ. ಈಗಿನ ಪಿಯಾನೊದಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿರುತ್ತಾರೆ. ತಂಬೂರಿಯ ಷಡ್ಜದ ತಂತಿಯಿಂದ ತಾನಾಗಿ ಹೊಮ್ಮುವ ಅಂತರ ಗಾಂಧಾರಕ್ಕಿಂತ ಪಿಯಾನೊದ ಗಾಂಧಾರ ಸುಮಾರು 14 ಸೆಂಟ್ ಮೇಲಿರುತ್ತದೆ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ 100 ಸೆಂಟ್ ಎಂದು ಲೆಕ್ಕ, ಹಾಗಾಗಿ ಇದು ಸಣ್ಣ ವ್ಯತ್ಯಾಸವೇನಲ್ಲ. ಎರಡೂ ಪದ್ಧತಿ ಕಲಿಯುವ ಮಕ್ಕಳಿಗೆ ಪಾಠ ಹೇಳಿದ ಅನುಭವದಿಂದ ಹೇಳುವುದಾದರೆ, ಪೆಟ್ಟು ಬೀಳುವುದು ಪಿಯಾನೊದ ಸ್ವರ ಹಿಡಿದು ಹಾಡುವ ಅಭ್ಯಾಸ ಮಾಡುವವರಿಗೆ, ತಂಬೂರಿ ಹಾಕಿಕೊಳ್ಳದೆ ಸಾಧನೆಗೆ ಕೂರುವವರಿಗೆ. ಬೆಳಿಗ್ಗೆ ತಂಬೂರಿಯೊಂದಿಗೆ ಹಾಡಿ, ಸಂಜೆ ಪಿಯಾನೊ ಮುಂದೆ ಕೂತರೆ ಎರಡೂ ತಮ್ಮ ಪಾಡಿಗೆ ಇರುತ್ತವೆ. ಶೋನ್‌ಬರ್ಗ್‌ಗೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಗುಮಾನಿಯ ವಿಷಯ. ಇದಕ್ಕೆ ಸ್ವಲ್ಪ ಹೊತ್ತು ಬೇಕು.

ಶೋನ್‌ಬರ್ಗ್ ಹುಟ್ಟಿದ್ದು 1874ರ ಸೆಪ್ಟೆಂಬರ್ 13ರಂದು, ವಿಯೆನ್ನಾದಲ್ಲಿ, ಸಾಧಾರಣ ಯಹೂದಿ ಕುಟುಂಬದಲ್ಲಿ. ತಂದೆಗೆ ಪಾದರಕ್ಷೆಯ ಅಂಗಡಿ. ಹುಡುಗ ಯಾವ ಸಂಗೀತ ಕಾಲೇಜಿನ ಮೆಟ್ಟಿಲನ್ನೂ ವಿದ್ಯಾರ್ಥಿಯಾಗಿ ಹತ್ತಲಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದುಕೊಂಡು, ಗೆಳೆಯರ ಜೊತೆ ಪಿಟೀಲು, ಚೆಲ್ಲೊ ನುಡಿಸುತ್ತ, ಬ್ರಾಮ್ಸ್‌ನ ಕೃತಿಗಳನ್ನು ಅರೆದು ಕುಡಿದು ಕಲಿತ. ಕ್ರಮವಾಗಿ ಪಾಠ ಹೇಳಿಸಿಕೊಂಡದ್ದು ಅಲೆಕ್ಸಾಂಡರ್ ಜೆಮ್ಲಿನ್ಸ್ಕಿ ಒಬ್ಬನ ಹತ್ತಿರ. ಆಮೇಲೆ ಅವನ ತಂಗಿಯನ್ನೇ ಮದುವೆಯಾದ.

1899ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಆರು ತಂತಿವಾದ್ಯಗಳಿಗಾಗಿ ‘ರೂಪಾಂತರಗೊಂಡ ರಾತ್ರಿ’ ಬರೆದ. ಮೂಲ ಹೆಸರು ‘ಫೆರ್ಕ್ಲೇರ್ಟೆ ನಾಖ್ಟ್’. ಇದನ್ನು ನಿಮ್ಮ ಅತ್ತೆಗೂ ಕೇಳಿಸಿ, ಬೇಡ ಎನ್ನಲಾರರು. ತುಂಬು ರಮ್ಯ ಸಂಗೀತ ಅದು. ಆದರೂ ವಿಯೆನ್ನಾದ ಒಂದು ಸಂಗೀತ ಸಂಘ ಅದನ್ನು ತಿರಸ್ಕರಿಸಿತು. ಅದರಲ್ಲಿ ಒಂದು ಕಡೆ ಬರುವ ಸ್ವರಗುಚ್ಛ ಆ ಜೋಡಣೆಯಲ್ಲಿ ಪಠ್ಯಪುಸ್ತಕದಲ್ಲಿ ಇಲ್ಲ ಎನ್ನುವುದು ಆಕ್ಷೇಪ. ಇಲ್ಲದ್ದನ್ನು ನುಡಿಸುವುದಾದರೂ ಹೇಗೆ, ಅವರು ಹೇಳಿದ್ದು ಸರಿಯೇ ಎಂದು ಶೋನ್‌ಬರ್ಗ್ ಆಮೇಲೆ ಕುಟುಕಿದ. ಅವನ ಇಡೀ ಬದುಕಿನ ತಕರಾರು ಈ ಒಂದು ಪ್ರಸಂಗದಲ್ಲಿ ಕಾಣುತ್ತದೆ ಎಂದು ನನಗೆ ಅನ್ನಿಸುತ್ತದೆ. ಆತ ಸಂಪ್ರದಾಯದ ಒಳಗೇ ನಿಂತು, ಅದು ಹೋಗುತ್ತಿದ್ದ ದಾರಿಯಲ್ಲೇ ಇನ್ನೊಂದು ಹೆಜ್ಜೆ ಇಟ್ಟ. ಕಾವಲಿಗಿದ್ದವರು ಮೊದಲು ಪುಸ್ತಕ ತೆರೆದು ನೋಡಿದರು.

ಧಿಕ್ಕರಿಸಿದವನು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 1911ರಲ್ಲಿ ಆತ ಬರೆದ ಹಾರ್ಮನಿಯ, ಅಂದರೆ ಸ್ವರಗಳನ್ನು ಗುಚ್ಛಗಳಾಗಿ ಹೊಂದಿಸುವ ಕ್ರಮದ, ಪಾಠಗ್ರಂಥ ಹಳೆಯ ಪದ್ಧತಿಯನ್ನು ಅಷ್ಟು ಶ್ರದ್ಧೆಯಿಂದ ಕಲಿಸುತ್ತದೆ. ಅದನ್ನು ಅರ್ಪಿಸಿದ್ದು ಹಿರಿಯ ಸಂಗೀತಗಾರ ಮಾಲರ್‌ನ ನೆನಪಿಗೆ. ಮುಂದೆ ಅಮೆರಿಕದಲ್ಲಿ ಮೇಷ್ಟ್ರಾದಾಗ ವಿದ್ಯಾರ್ಥಿಗಳ ಮುಂದೆ ಇಟ್ಟದ್ದು ಬಾಕ್, ಮೊಜಾರ್ಟ್, ಬೇಥೋವನ್, ಬ್ರಾಮ್ಸ್. ತನ್ನ ಸ್ವಂತ ವಿಧಾನವನ್ನು ತರಗತಿಯಲ್ಲಿ ಕಲಿಸಿದ್ದು ತೀರ ಕಡಿಮೆ. ಬ್ರಾಮ್ಸ್‌ನ ಒಂದು ಪಿಯಾನೊ ಕ್ವಾರ್ಟೆಟನ್ನು 1937ರಲ್ಲಿ ಇಡೀ ಆರ್ಕೆಸ್ಟ್ರಾಕ್ಕೆ ಅಳವಡಿಸಿದ. ಸಂಪ್ರದಾಯದ ಮೇಲೆ ಸಿಟ್ಟಿದ್ದವನು ಮಾಡುವ ಕೆಲಸವಲ್ಲ ಇದು.

ಹಾಗಾದರೆ ನಿಮ್ಮ ಮಗಳು ನುಡಿಸುತ್ತಿರುವುದು ಹಾಗೇಕೆ ಕೇಳಿಸುತ್ತದೆ?

ನಮ್ಮ ಸಂಗೀತದಲ್ಲಿ ಷಡ್ಜ ಅಲುಗುವುದಿಲ್ಲ. ತಂಬೂರಿ ಅದನ್ನು ಸದಾ ಹಿಡಿದಿರುತ್ತದೆ, ಹಾಡುವವರು ಎಲ್ಲಿ ಹೋದರೂ ಮನೆ ಎಲ್ಲಿದೆ ಎಂದು ಕೇಳುವವರಿಗೆ ಗೊತ್ತು. ಪಾಶ್ಚಾತ್ಯ ಸಂಗೀತದಲ್ಲೂ ಒಂದು ಆಧಾರ ಸ್ವರ ಇರುತ್ತದೆ, ಆದರೆ ಅದು ಕೃತಿಯ ನಡುವೆಯೇ ಜಾಗ ಬದಲಿಸಬಹುದು. ಹತ್ತೊಂಬತ್ತನೆಯ ಶತಮಾನ ಮುಂದೆ ಸಾಗಿದಂತೆ ಈ ಬದಲಾವಣೆ ಹೆಚ್ಚುತ್ತ ಹೋಯಿತು. 1865ರಲ್ಲಿ ರಂಗಕ್ಕೆ ಬಂದ ವ್ಯಾಗ್ನರ್‌ನ ‘ಟ್ರಿಸ್ಟಾನ್’ನಲ್ಲಿ ಆಧಾರ ಈಗ ಸಿಕ್ಕೀತು, ಇನ್ನೇನು ಸಿಕ್ಕೀತು ಎಂದು ಗಂಟೆಗಟ್ಟಲೆ ಕಾಯಬೇಕು. ಮಾಲರ್, ರಿಚರ್ಡ್ ಸ್ಟ್ರಾಸ್ ಅದನ್ನು ಇನ್ನಷ್ಟು ಸಡಿಲಿಸಿದರು. ಶೋನ್‌ಬರ್ಗ್ ಬರುವ ಹೊತ್ತಿಗೆ ಆಧಾರ ಹೆಸರಿಗಷ್ಟೇ ಉಳಿದಿತ್ತು.

ಆ ಹೆಸರನ್ನೂ ಆತ ಬಿಟ್ಟದ್ದು 1908ರಲ್ಲಿ, ಎರಡನೆಯ ಸ್ಟ್ರಿಂಗ್ ಕ್ವಾರ್ಟೆಟ್ ಬರೆಯುವಾಗ. ಅದರ ಮೊದಲ ಭಾಗಕ್ಕೆ ಸ್ಪಷ್ಟ ಆಧಾರ ಶ್ರುತಿ ಇದೆ. ಕೊನೆಯ ಭಾಗದಲ್ಲಿ ಇಲ್ಲ. ನಾಲ್ಕು ತಂತಿವಾದ್ಯಗಳ ನಡುವೆ ಗಾಯಕಿಯೊಬ್ಬಳು ಎದ್ದು, ಬೇರೊಂದು ಗ್ರಹದ ಗಾಳಿ ಸೋಕುತ್ತಿದೆ ಎಂಬ ಸ್ಟೆಫಾನ್ ಗೆಯೋರ್ಗೆಯ ಸಾಲು ಹಾಡುತ್ತಾಳೆ. ಅದೇ ಬೇಸಿಗೆಯಲ್ಲಿ ಹೆಂಡತಿ ಮಟಿಲ್ಡೆ, ಮನೆಗೆ ಬಂದುಹೋಗುತ್ತಿದ್ದ ಚಿತ್ರಕಾರ ರಿಚರ್ಡ್ ಗೆರ್ಸ್ಟ್ಲ್ ಜೊತೆ ಹೊರಟುಹೋಗಿದ್ದಳು. ಆಕೆ ವಾಪಸ್ ಬಂದಳು. ಗೆರ್ಸ್ಟ್ಲ್ ಆ ನವೆಂಬರ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಸಂಸಾರದ ಈ ಬಿರುಕಿನಿಂದಲೇ ಆಧಾರ ಶ್ರುತಿ ಕಳಚಿತು ಎನ್ನುವವರಿದ್ದಾರೆ. ನನಗೆ ಅದು ಸಿನಿಮಾ ಕಥೆ ಎನಿಸುತ್ತದೆ. ದಾರಿ ಮೊದಲೇ ಆ ಕಡೆಗಿತ್ತು.

ಆಧಾರ ಹೋದದ್ದು ಒಂದು ಕಾರಣವಾದರೆ, ಇನ್ನೊಂದನ್ನು ಜನ ಗಮನಿಸುವುದೇ ಇಲ್ಲ. ಶೋನ್‌ಬರ್ಗ್ ಹೇಳಿದ್ದನ್ನೇ ಮತ್ತೆ ಹೇಳುವುದಿಲ್ಲ. ನಾವು ಒಂದು ಪಲ್ಲವಿಯನ್ನು ಸಂಗತಿ ಹಾಕಿ ಹಾಕಿ ಹಾಡುತ್ತೇವೆ, ಅಷ್ಟರಲ್ಲಿ ಕೇಳುವವರಿಗೆ ಸಾಲು ಬಾಯಿಗೆ ಬಂದಿರುತ್ತದೆ. ಆತನೋ ಎರಡನೆಯ ಸಲ ಬರುವಾಗಲೇ ಐದನೆಯ ಸಂಗತಿಗೆ ಹಾರಿರುತ್ತಾನೆ. ಮೊದಲ ಸಲ ಕೇಳಿದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ನಿಮಗೆ ಆಗುತ್ತಿರುವ ಕಿರಿಕಿರಿಯ ಅರ್ಧ ಪಾಲು ಇದರಿಂದ. ನಿಮ್ಮ ಮಗಳು ದಿನವೂ ಅದನ್ನೇ ನುಡಿಸುತ್ತಿರುವುದರಿಂದ ಅವಳಿಗೆ ಆ ಪರಿಚಯ ಆಗಿಬಿಟ್ಟಿದೆ. ಅವಳು ಬಿಡದೆ ಕೂತಿರುವುದು ಹಟದಿಂದ ಇರಲಾರದು.

ಅವಳಿಗೆ ಎರಡನೆಯ ತುಣುಕನ್ನು ನುಡಿಸಲು ಹೇಳಿ, ಪಕ್ಕದಲ್ಲಿ ಕೂತು ನೋಡಿ. ಬರೀ ಒಂಬತ್ತು ಬಾರ್, ನಮ್ಮ ತಾಳದ ಆವರ್ತದಂಥ ಅಳತೆ ಅದು. ಜಿ ಮತ್ತು ಬಿ ಎಂಬ ಎರಡು ಸ್ವರಗಳು ಒಟ್ಟಿಗೆ, ತೀರ ಮೆಲ್ಲಗೆ, ಮುಟ್ಟಿ ಬಿಟ್ಟ ಹಾಗೆ ಕೇಳಿಸುತ್ತವೆ. ಜಿಯನ್ನು ಷಡ್ಜ ಎಂದುಕೊಂಡರೆ ಬಿ ಅಂತರ ಗಾಂಧಾರ. ಆ ಸ-ಗ ಜೋಡಿ ಮತ್ತೆ ಮತ್ತೆ ಬರುತ್ತದೆ, ಸುತ್ತಲಿನ ಸ್ವರಗಳು ಮಾತ್ರ ಅದಕ್ಕೆ ಒಗ್ಗುವುದಿಲ್ಲ. ಅಂದರೆ ಆಧಾರವೊಂದರ ಗುರುತು ಇಲ್ಲಿ ಇದೆ, ಅದಕ್ಕೆ ಅಧಿಕಾರ ಇಲ್ಲ. ಆ ಜೋಡಿಯನ್ನು ಮಾತ್ರ ಬೆರಳಲ್ಲಿ ಎಣಿಸುತ್ತ ಕೇಳಿದರೆ ಸಾಕು, ಬೆಕ್ಕಿನ ಓಡಾಟ ಎನ್ನುವ ಭಾವನೆ ಹೋಗುತ್ತದೆ.

ಆರನೆಯದೂ ಒಂಬತ್ತೇ ಬಾರ್. ಅದರ ಹಿಂದೆ ಒಂದು ಸಾವಿದೆ. ಮಾಲರ್ ತೀರಿಕೊಂಡದ್ದು 1911ರ ಮೇ 18ರಂದು. ತಿಂಗಳು ಕಳೆಯುವುದರೊಳಗೆ ಈ ತುಣುಕು ಬಂತು. ಬಲಗೈಯಲ್ಲಿ ಮೂರು ಸ್ವರಗಳ ಒಂದು ಗುಚ್ಛ, ಎಡಗೈಯಲ್ಲಿ ಜಿ, ಸಿ, ಎಫ್. ಎಡಗೈಯ ಮೂರನ್ನೂ ಬಿಡಿಸಿ ನೋಡಿದರೆ ಒಂದರಿಂದ ಇನ್ನೊಂದಕ್ಕೆ ಷಡ್ಜದಿಂದ ಶುದ್ಧ ಮಧ್ಯಮದಷ್ಟೇ ದೂರ. ಈ ಎರಡು ಗುಚ್ಛಗಳು ಅನುರಣಿಸುತ್ತ ನಿಲ್ಲುತ್ತವೆ, ಇಡೀ ತುಣುಕು ಅವುಗಳ ಮೇಲೆ ನಡೆಯುತ್ತದೆ. ಮುಕ್ತಾಯಕ್ಕೆ ಆತ ಬರೆದಿರುವ ಸೂಚನೆ: ಉಸಿರಿನಷ್ಟು ಮೆಲ್ಲಗೆ.

ಈಗ ಲೆಕ್ಕದ ಆರೋಪ. ಇಲ್ಲಿ ಇಸವಿಗಳನ್ನು ನೋಡಿದರೆ ಸಾಕು. ನಿಮ್ಮ ಮಗಳ ಪುಸ್ತಕದ ಆರರಲ್ಲಿ ಐದು ತುಣುಕುಗಳನ್ನು ಆತ ಒಂದೇ ದಿನ, 1911ರ ಫೆಬ್ರವರಿ 19ರಂದು ಬರೆದ. ಲೆಕ್ಕದ್ದು ಎಂದು ಜನ ದೂರುವ ಅವನ ಹನ್ನೆರಡು ಸ್ವರಗಳ ವಿಧಾನ ರೂಪುಗೊಂಡದ್ದು 1921ರಿಂದ ಈಚೆಗೆ. ಆದ್ದರಿಂದ ಈ ತುಣುಕುಗಳಲ್ಲಿ ಯಾವ ಸೂತ್ರವೂ ಇಲ್ಲ, ಎಲ್ಲ ಕಿವಿಯ ತೀರ್ಮಾನ.

ಆಮೇಲೆ ಬಂದ ವಿಧಾನದಲ್ಲಿ ಲೆಕ್ಕ ಇದೆಯೇ ಎಂದರೆ, ಇದೆ. ಹನ್ನೆರಡೂ ಸ್ವರಸ್ಥಾನಗಳನ್ನು ಒಂದೊಂದು ಸಲ ಬರುವಂತೆ ಒಂದು ಸಾಲು ಮಾಡಿಕೊಳ್ಳುವುದು. ಅದನ್ನು ಹಿಂದಿನಿಂದ ಮುಂದಕ್ಕೆ, ತಲೆಕೆಳಗಾಗಿ, ತಲೆಕೆಳಗಾದದ್ದನ್ನು ಮತ್ತೆ ಹಿಂದುಮುಂದಾಗಿ ಬಳಸಬಹುದು. ಈ ನಾಲ್ಕು ರೂಪಗಳನ್ನು ಹನ್ನೆರಡು ಸ್ವರಗಳಲ್ಲಿ ಯಾವುದರಿಂದ ಬೇಕಾದರೂ ಶುರುಮಾಡಿದರೆ 48 ರೂಪ. ಮೇಳಕರ್ತದ 72ರ ಚಕ್ರ ಗೊತ್ತಿರುವವರಿಗೆ ಈ ಬಗೆಯ ಗಣಿತ ಹೊಸದಲ್ಲ. ಆದರೆ ಚಕ್ರ ಗೊತ್ತಿದ್ದ ಮಾತ್ರಕ್ಕೆ ಯಾರೂ ಕಲ್ಯಾಣಿ ಹಾಡಲಾರರು. ಹನ್ನೆರಡು ಸ್ವರಗಳನ್ನು 47,90,01,600 ಬಗೆಯಲ್ಲಿ ಸಾಲು ಮಾಡಬಹುದು. ಅವುಗಳಲ್ಲಿ ಯಾವುದನ್ನು ಆರಿಸಬೇಕು, ಯಾವ ಲಯದಲ್ಲಿ, ಎಷ್ಟು ಗಟ್ಟಿಯಾಗಿ, ಎಲ್ಲಿ ಮೌನ ಎಂಬುದನ್ನು ಲೆಕ್ಕ ಹೇಳುವುದಿಲ್ಲ. ಈ ವಿಧಾನದಲ್ಲಿ ಪೂರ್ತಿ ರಚಿಸಿದ ಮೊದಲ ದೊಡ್ಡ ಪಿಯಾನೊ ಕೃತಿ ಓಪಸ್ 25ರಲ್ಲಿ (ಓಪಸ್ ಎಂದರೆ ಕೃತಿಸಂಖ್ಯೆ) ಆತ ಆರಿಸಿದ ಸಾಲಿನ ಕೊನೆಯ ನಾಲ್ಕು ಸ್ವರಗಳನ್ನು ಹಿಂದಿನಿಂದ ಓದಿದರೆ, ಜರ್ಮನ್ ಸ್ವರನಾಮಗಳಲ್ಲಿ ಬಾಕ್ ಎಂಬ ಹೆಸರಿನ ನಾಲ್ಕು ಅಕ್ಷರಗಳು ಬರುತ್ತವೆ. ಕೃತಿಯ ಹಲವು ಭಾಗಗಳಿಗೆ ಇಟ್ಟ ಹೆಸರುಗಳೂ ಬಾಕ್ ಕಾಲದ ಕುಣಿತಗಳದ್ದೇ: ಗವೋಟ್, ಮಿನುಯೆಟ್, ಜೀಗ್.

ಇಲ್ಲಿ ನನಗೂ ಆತನ ಬಗ್ಗೆ ತಕರಾರಿದೆ. ಈ ವಿಧಾನದಿಂದ ಇನ್ನು ನೂರು ವರ್ಷ ಜರ್ಮನ್ ಸಂಗೀತದ ಮೇಲುಗೈ ಖಚಿತ ಎಂದು ಶಿಷ್ಯನೊಬ್ಬನಿಗೆ ಹೇಳಿಕೊಂಡನಂತೆ. ಎಷ್ಟು ದೊಡ್ಡ ಪ್ರತಿಭೆಯಾದರೂ ಇಂಥ ಮಾತು ಸಣ್ಣದೇ. ಅದೇ ಕಾಲದಲ್ಲಿ ವಿಯೆನ್ನಾದಲ್ಲೇ ಹನ್ನೆರಡು ಸ್ವರಗಳ ಇನ್ನೊಂದು ವಿಧಾನ ಹಿಡಿದಿದ್ದ ಯೋಸೆಫ್ ಹೌವರ್ ಜೊತೆ ಯಾರು ಮೊದಲು ಎಂಬ ಕಿತ್ತಾಟವೂ ಇತ್ತು. ಆ ಹೊತ್ತಿನ ಕೆಲವು ಕೃತಿಗಳು, ಮುಖ್ಯವಾಗಿ ಗಾಳಿವಾದ್ಯಗಳ ಕ್ವಿಂಟೆಟ್, ನನಗೆ ಇಂದಿಗೂ ಒಣಕಲಾಗಿಯೇ ಕೇಳುತ್ತವೆ. ಆದರೆ ಅದೇ ವಿಧಾನದಲ್ಲಿ 1947ರಲ್ಲಿ ಬರೆದ ‘ವಾರ್ಸಾದಿಂದ ಬದುಕಿ ಬಂದವನು’ ಕೇಳಿದ ಮೇಲೆ ಲೆಕ್ಕದ ಮಾತು ಎತ್ತಿದವರನ್ನು ನಾನು ಕಂಡಿಲ್ಲ. ಏಳು ನಿಮಿಷದ ಕೃತಿ. ನಾಜಿಗಳ ಕೈಯಲ್ಲಿ ಸಿಕ್ಕವನೊಬ್ಬ ಮಾತಿನಲ್ಲಿ ತನ್ನ ಕಥೆ ಹೇಳುತ್ತಾನೆ. ಸಾವಿನ ಕಡೆ ಎಣಿಸಿ ಅಟ್ಟಲಾಗುತ್ತಿರುವ ಗಂಡಸರ ಗುಂಪು ಕೊನೆಗೆ ಹೀಬ್ರೂ ಪ್ರಾರ್ಥನೆ ಎತ್ತಿಕೊಳ್ಳುತ್ತದೆ. ಮೊದಲ ಪ್ರದರ್ಶನ ನಡೆದದ್ದು ಯಾವ ಮಹಾನಗರದಲ್ಲೂ ಅಲ್ಲ, ಅಮೆರಿಕದ ಅಲ್ಬುಕರ್ಕಿಯಲ್ಲಿ, 1948ರಲ್ಲಿ, ಹವ್ಯಾಸಿ ಹಾಡುಗಾರರಿಂದ. ಮುಗಿದ ಕೂಡಲೇ ಇಡೀ ಕೃತಿಯನ್ನು ಮತ್ತೊಮ್ಮೆ ನುಡಿಸಿದರು.

ಜನ ದೂರ ಹೋದರು ಎನ್ನುವುದರಲ್ಲಿ ಸತ್ಯಾಂಶವಿದೆ. 1913ರ ಮಾರ್ಚ್ 31ರಂದು ವಿಯೆನ್ನಾದಲ್ಲಿ ಆತ ನಡೆಸಿಕೊಟ್ಟ ಕಛೇರಿಯಲ್ಲಿ ತನ್ನ ಕೃತಿಯ ಜೊತೆಗೆ ಶಿಷ್ಯರಾದ ವೆಬರ್ನ್ ಮತ್ತು ಬರ್ಗ್ ಅವರದ್ದೂ ಇದ್ದವು. ಸಭೆಯಲ್ಲಿ ಕೂಗಾಟ ಎದ್ದು ಹೊಡೆದಾಟವಾಯಿತು. ಕೊನೆಗೆ ನುಡಿಸಬೇಕಿದ್ದ ಮಾಲರ್‌ನ ಹಾಡುಗಳ ಸರದಿ ಬರಲೇ ಇಲ್ಲ. ಸಂಘಟಕ ಕೊಟ್ಟ ಏಟಿನ ಸದ್ದೇ ಆ ಸಂಜೆಯ ಅತ್ಯಂತ ಸುಶ್ರಾವ್ಯ ಸ್ವರವಾಗಿತ್ತು ಎಂದು ಆಪರೆಟ್ಟಾ, ಅಂದರೆ ಹಗುರ ಸಂಗೀತನಾಟಕ, ಬರೆಯುತ್ತಿದ್ದ ಆಸ್ಕರ್ ಸ್ಟ್ರಾಸ್ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದನೆಂಬ ಕಥೆ ಇದೆ. ತಮಾಷೆ ಏನೆಂದರೆ, ಅದಕ್ಕೆ ಐದು ವಾರ ಮುಂಚೆ ಅದೇ ನಗರದಲ್ಲಿ ಅವನ ಹಳೆಯ ಶೈಲಿಯ ‘ಗುರ್ರೆ-ಲೀಡರ್’ಗೆ ಭಾರೀ ಜಯಕಾರ ಸಿಕ್ಕಿತ್ತು. ಅಂದು ಆತ ಚಪ್ಪಾಳೆ ತಟ್ಟುತ್ತಿದ್ದ ಸಭಿಕರಿಗೆ ಬೆನ್ನು ಹಾಕಿ ವಾದ್ಯಗಾರರಿಗೆ ಮಾತ್ರ ನಮಸ್ಕರಿಸಿದ. ಮೊದಲ ಯುದ್ಧ ಮುಗಿದ ಮೇಲೆ ಒಂದು ಖಾಸಗಿ ಸಂಘ ಕಟ್ಟಿ, ಅಲ್ಲಿ ವಿಮರ್ಶಕರಿಗೆ ಪ್ರವೇಶವಿಲ್ಲ, ಚಪ್ಪಾಳೆಯೂ ಇಲ್ಲ ಎಂದು ನಿಯಮ ಮಾಡಿದ. ಹೀಗಾಗಿ ಬಾಗಿಲು ಮುಚ್ಚಿದ್ದು ಎರಡೂ ಕಡೆಯಿಂದ.

ಉಳಿದ ಬದುಕು ಚುಟುಕಾಗಿ ಹೇಳುತ್ತೇನೆ. ಬರ್ಲಿನ್ನಿನ ಪ್ರಶ್ಯನ್ ಕಲಾ ಅಕಾಡೆಮಿಯಲ್ಲಿ ದೊಡ್ಡ ಹುದ್ದೆ ಸಿಕ್ಕಿತ್ತು. 1933ರಲ್ಲಿ ಹಿಟ್ಲರ್ ಬಂದ ಮೇಲೆ ಯಹೂದಿ ಎಂಬ ಕಾರಣಕ್ಕೆ ಹೋಯಿತು. ಯೌವನದಲ್ಲಿ ಕ್ರೈಸ್ತನಾಗಿದ್ದವನು ಪ್ಯಾರಿಸ್ಸಿಗೆ ಬಂದು ವಿಧಿವತ್ತಾಗಿ ಯಹೂದಿ ಧರ್ಮಕ್ಕೆ ಮರಳಿ, ಅಲ್ಲಿಂದ ಅಮೆರಿಕಕ್ಕೆ ಹೋದ. ಲಾಸ್ ಏಂಜಲೀಸ್‌ನಲ್ಲಿ ವಿಶ್ವವಿದ್ಯಾಲಯದ ಪಾಠ, ಜಾರ್ಜ್ ಗರ್ಷ್‌ವಿನ್ ಜೊತೆ ಟೆನಿಸ್, ಎಪ್ಪತ್ತಕ್ಕೆ ನಿವೃತ್ತಿ, ಮನೆ ನಡೆಸಲು ಸಾಲದ ಪಿಂಚಣಿ. ಹದಿಮೂರರ ಅಂಕಿ ಎಂದರೆ ಹೆದರುತ್ತಿದ್ದವನು 1951ರ ಜುಲೈ 13ರಂದು, ಶುಕ್ರವಾರ, ತೀರಿಕೊಂಡ. ‘ಮೋಸೆಸ್ ಮತ್ತು ಆರೋನ್’ ಆಪೆರಾದ ಮೂರನೆಯ ಅಂಕಕ್ಕೆ ಸಂಗೀತ ಕೂಡಲೇ ಇಲ್ಲ.

ಸಾಯುವುದಕ್ಕೆ ನಾಲ್ಕು ವರ್ಷ ಮೊದಲು ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಹಾನ್ಸ್ ರೋಸ್‌ಬೌಡ್‌ಗೆ ಬರೆದ ಪತ್ರದಲ್ಲಿ ತನ್ನ ಆಸೆ ಹೇಳಿಕೊಂಡಿದ್ದಾನೆ: ಜನ ತನ್ನನ್ನು ಒಂದಿಷ್ಟು ಮೇಲ್ಮಟ್ಟದ ಚೈಕೋವ್‌ಸ್ಕಿ ಎಂದುಕೊಳ್ಳಬೇಕು, ತನ್ನ ರಾಗಗಳನ್ನು ಸಿಳ್ಳೆಯಲ್ಲಿ ಗುನುಗಬೇಕು. ಅದು ಆಗಲಿಲ್ಲ. ಆದದ್ದು ಬೇರೆ. ಬರ್ಗ್, ವೆಬರ್ನ್ ಮೂಲಕ ಯುದ್ಧಾನಂತರದ ಯುರೋಪಿನ ಒಂದು ಇಡೀ ಪೀಳಿಗೆ ಅವನ ದಾರಿಯಿಂದ ಹೊರಟಿತು. ಅವನ ಬಳಿ ಕಲಿತ ಜಾನ್ ಕೇಜ್ ತದ್ವಿರುದ್ಧ ದಾರಿಗೆ ಹೋದ. ಕೆಲವು ಕಡೆ ಹನ್ನೆರಡು ಸ್ವರಗಳ ವಿಧಾನ ಕಟ್ಟಳೆಯೇ ಆಗಿ, ಬೇರೆ ಬಗೆಯಲ್ಲಿ ಬರೆದವರನ್ನು ಹಳಬರೆಂದು ಮೂಲೆಗೆ ತಳ್ಳಿದ್ದೂ ಉಂಟು. ಸಿ ಮೇಜರ್‌ನಲ್ಲಿ ಬರೆಯಲು ಇನ್ನೂ ಬೇಕಾದಷ್ಟು ಒಳ್ಳೆಯ ಸಂಗೀತ ಬಾಕಿ ಇದೆ ಎಂದ ಮಾತು ಶೋನ್‌ಬರ್ಗ್‌ನದ್ದೇ ಎನ್ನುತ್ತಾರೆ. ಗುರುವಿಗಿಂತ ಭಕ್ತರು ಬಿಗಿಯಾದರು.

ನೀವು ಮೈಸೂರಿನವರಾದ್ದರಿಂದ ಒಂದು ಮಾತು. ಶೋನ್‌ಬರ್ಗ್‌ನಂಥವರನ್ನು ಕಂಡರಾಗದವರ ಸಾಲಿನಲ್ಲಿ ನಿಮ್ಮ ಊರಿನ ನಂಟೂ ಇದೆ. ರಷ್ಯಾದ ಸಂಗೀತರಚನೆಕಾರ ನಿಕೊಲಾಯ್ ಮೆಡ್ಟ್ನರ್ ಆಧುನಿಕರನ್ನು ಖಂಡಿಸಿ 1935ರಲ್ಲಿ ಪುಸ್ತಕವನ್ನೇ ಬರೆದಿದ್ದ. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ಆತನ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ಧ್ವನಿಮುದ್ರಿಸಲು ಹಣ ಕೊಟ್ಟವರು ಜಯಚಾಮರಾಜ ಒಡೆಯರ್. ಮೆಡ್ಟ್ನರ್ ತನ್ನ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಅವರಿಗೇ ಅರ್ಪಿಸಿದ. ಹಾಗಾಗಿ ನಿಮ್ಮ ಅತ್ತೆ ಒಂಟಿಯಲ್ಲ ಎಂದು ಅವರಿಗೆ ತಿಳಿಸಬಹುದು.

ಈಗ ಮಾಡುವುದೇನು? ಟೀಚರ್ ಕೊಟ್ಟದ್ದನ್ನೇ ಮುಂದುವರಿಸುವುದು ನನ್ನ ಮೊದಲ ಸಲಹೆ, ಆದರೆ ಆರನ್ನೂ ಒಟ್ಟಿಗೆ ಬೇಡ. ಎರಡನೆಯದು ಮತ್ತು ಆರನೆಯದು ಸಾಕು. ಇವು ಬೆರಳಿಗೆ ಕಷ್ಟವಲ್ಲ. ಕಷ್ಟ ಇರುವುದು ಕೀ ಒತ್ತುವ ಬಲದ ಹಿಡಿತದಲ್ಲಿ. ಮನೆಯಲ್ಲಿರುವುದು ಹಗುರ ಕೀಗಳ ಕೀಬೋರ್ಡ್ ಆದರೆ ಇಷ್ಟು ಮೆಲುದನಿಯ ವ್ಯತ್ಯಾಸಗಳು ಹೊರಡುವುದೇ ಇಲ್ಲ, ಆಗ ನೀವು ಕೇಳುತ್ತಿರುವುದು ಕೃತಿಯನ್ನೇ ಅಲ್ಲ. ತೂಕದ ಕೀಗಳಿರುವ ಡಿಜಿಟಲ್ ಪಿಯಾನೊ ಆದರೂ ಬೇಕು, ಪೆಡಲ್ ಸಮೇತ. ಇನ್ನೊಂದು ಅಪಾಯವೆಂದರೆ ಮಕ್ಕಳು ವಿರಾಮಗಳನ್ನು ನುಂಗಿಬಿಡುತ್ತಾರೆ. ನಡುವಿನ ಖಾಲಿ ಮಾತ್ರೆಗಳನ್ನು, ನೀವು ತಾಳ ಹಾಕಿ ಎಣಿಸುವಂತೆ, ಬಾಯಲ್ಲಿ ಎಣಿಸಿಯೇ ಕಲಿಯಬೇಕು.

ಪರೀಕ್ಷೆ ಹತ್ತಿರವಿದ್ದರೆ ಲೆಕ್ಕಾಚಾರ ಬೇರೆ. ಆ ಗ್ರೇಡಿನ ಪಟ್ಟಿಯಲ್ಲಿ ಇದು ಇದೆಯೇ ಎಂದು ಟೀಚರ್ ಹತ್ತಿರ ಕೇಳಿ. ಇಲ್ಲವಾದರೆ ಪರೀಕ್ಷೆ ಮುಗಿಯುವವರೆಗೆ ವಾರಕ್ಕೊಂದು ದಿನ ಇಟ್ಟುಕೊಳ್ಳಲಿ. ಓಪಸ್ 25ಕ್ಕೆ ಮಾತ್ರ ಈಗಲೇ ಕೈ ಹಾಕುವುದು ಬೇಡ. ಅದು ಬೆರಳಿಗೂ ಕಠಿಣ, ಆ ವಯಸ್ಸಿನಲ್ಲಿ ಹಿಡಿದವರು ಸ್ವರಗಳ ಸಾಲು ಹುಡುಕುವ ಆಟಕ್ಕೆ ಬಿದ್ದು ನುಡಿಸುವುದನ್ನೇ ಮರೆಯುವುದನ್ನು ನೋಡಿದ್ದೇನೆ.

ಅವಳಿಗೇ ಸಾಕೆನಿಸಿದರೆ ಬಾರ್ಟೋಕ್‌ನ ‘ಮೈಕ್ರೊಕಾಸ್ಮೋಸ್’ಗೆ ಹೋಗಬಹುದು. ಆರು ಸಂಪುಟ, 153 ತುಣುಕುಗಳು, ಸುಲಭದಿಂದ ಕಷ್ಟಕ್ಕೆ ಕ್ರಮವಾಗಿ ಏರುತ್ತವೆ. ಆಧುನಿಕ ಸ್ವರಗಳಿದ್ದರೂ ಕಾಲೂರಲು ಒಂದು ಆಧಾರ ಸಿಗುತ್ತದೆ. ಅದರಿಂದ ನಷ್ಟವೇನೂ ಇಲ್ಲ. ಆದರೆ ಈ ಬದಲಾವಣೆ ಅವಳ ಬಾಯಿಂದ ಬರಲಿ, ನಿಮ್ಮಿಂದ ಟೀಚರ್‌ಗೆ ಹೋಗುವುದು ಬೇಡ. ಹದಿನಾರರ ಹುಡುಗಿ ಇಷ್ಟಪಟ್ಟು ಹಿಡಿದದ್ದನ್ನು ಬಿಡಿಸಿದರೆ ಪಿಯಾನೊವನ್ನೇ ಬಿಟ್ಟಾಳು.

ನಿಮಗೂ ಅತ್ತೆಗೂ ಕೇಳಲು: ‘ರೂಪಾಂತರಗೊಂಡ ರಾತ್ರಿ’ಯನ್ನು ಕಾರಯಾನ್ ನಿರ್ದೇಶನದಲ್ಲಿ ಬರ್ಲಿನ್ ಫಿಲ್ಹಾರ್ಮೊನಿಕ್ ಆರ್ಕೆಸ್ಟ್ರಾ ನುಡಿಸಿದ ಧ್ವನಿಮುದ್ರಣ, ಸುಮಾರು ಅರ್ಧ ಗಂಟೆಯದು. ಮಗಳ ತುಣುಕುಗಳನ್ನು ಮೌರಿಟ್ಸಿಯೊ ಪೊಲ್ಲಿನಿ ನುಡಿಸಿದ್ದನ್ನು ಕೇಳಿ. ಆರೂ ಸೇರಿ ಐದಾರು ನಿಮಿಷ. ಗ್ಲೆನ್ ಗೌಲ್ಡ್‌ನದ್ದೂ ಇದೆ, ಆದರೆ ಅದನ್ನು ಅವಳು ತನ್ನದೇ ರೀತಿಯಲ್ಲಿ ಕಲಿತು ಮುಗಿಸಿದ ಮೇಲೆ ಕೇಳಲಿ. ಇಲ್ಲವಾದರೆ ಗೌಲ್ಡ್‌ನನ್ನೇ ನಕಲು ಮಾಡುತ್ತಾಳೆ.